ನನ್ನ ಬೆನ್ನು, ನನ್ನ ಎದೆ

ಕನ್ನಡದ ನುಡಿಗಟ್ಟುಗಳನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೊಂದು ಸಂಗತಿ ವಿನೋದವಾಗಿ ತೋರುತ್ತದೆ. ನಮ್ಮ ಭಾಷೆಯಲ್ಲಿ ಬೆನ್ನಿನದು ಒಂದು ಸಂಸಾರ, ಎದೆಯದು ಇನ್ನೊಂದು ಸಂಸಾರ. ಮೆಚ್ಚಿದರೆ ಬೆನ್ನು ತಟ್ಟುತ್ತೇವೆ. ಹೆದರಿದರೆ ಬೆನ್ನು ತೋರಿಸುತ್ತೇವೆ. ತಮ್ಮಂದಿರು ನಮ್ಮ ಬೆನ್ನಿಗೆ ಬಿದ್ದು ಹುಟ್ಟುತ್ತಾರೆ. ಸಾಲ ಕೊಟ್ಟವರು ಬೆನ್ನು ಹತ್ತುತ್ತಾರೆ. ಎದೆಯ ವ್ಯವಹಾರವೇ ಬೇರೆ. ಧೈರ್ಯವಿದ್ದವನು ಎದೆಗಾರ, ಇಲ್ಲದವನು ಎದೆಗುಂದಿದವನು. ದುಃಖದಲ್ಲಿ ಎದೆ ಒಡೆಯುತ್ತದೆ, ಸಂತೋಷದಲ್ಲಿ ತುಂಬಿ ಬರುತ್ತದೆ. ಈ ಎರಡು ಸಂಸಾರಗಳ ನಡುವೆ ಕೊಡುಕೊಳ್ಳುವ ಸಂಬಂಧ ಇದ್ದಂತೆ ಕಾಣುವುದಿಲ್ಲ. ಬೆನ್ನಿನ ಬೇನೆ ಎದೆಯವರೆಗೆ ಹೋದೀತೆಂಬ ಅರ್ಥದ ನುಡಿಗಟ್ಟೊಂದನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ. ಆ ಸಂಬಂಧವನ್ನು ನನಗೆ ತಿಳಿಸಿಕೊಟ್ಟವರು ಭಾಷಾಶಾಸ್ತ್ರಜ್ಞರಲ್ಲ, ಬಳ್ಳಾರಿಯ ಒಬ್ಬ ವೈದ್ಯರು.

ಮೊದಲು ನನ್ನ ಬೆನ್ನಿನ ಪರಿಚಯ ಮಾಡಿಕೊಡುತ್ತೇನೆ. ಎಂ.ಎ. ಓದುತ್ತಿದ್ದ ಕಾಲ, ವಯಸ್ಸು 23. ರಾತ್ರಿಯ ಎರಡನೆಯ ಜಾವ ಕಳೆಯುತ್ತಲೆ ಟೊಂಕದ ಕೆಳಗೆ ಯಾರೋ ಬೆಣೆ ಹೊಡೆದಂತಾಗಿ ಎಚ್ಚರವಾಗುತ್ತಿತ್ತು. ಬೆಳಗ್ಗೆ ಎದ್ದರೆ ಮೈಯೆಲ್ಲ ಒಣಗಿದ ತೊಗಲು. ಚಪ್ಪಲಿಯ ಪಟ್ಟಿಯನ್ನು ಏರಿಸಿಕೊಳ್ಳಲು ಬಾಗುವುದೇ ಒಂದು ತಪಸ್ಸು. ಆದರೆ ಹಾಸ್ಟೆಲಿನ ಅಂಗಳದಲ್ಲಿ ಅರ್ಧ ಗಂಟೆ ಅಡ್ಡಾಡಿದೆನೆಂದರೆ ಮೈ ಸಡಿಲವಾಗಿ, ಹತ್ತು ಗಂಟೆಯ ಹೊತ್ತಿಗೆ ಉಳಿದವರಂತೆ ನಾನೂ ತರಗತಿಗೆ ಓಡುತ್ತಿದ್ದೆ. ಎಂಟಕ್ಕೆ ಮುದುಕ, ಹತ್ತಕ್ಕೆ ತರುಣ! ಗೆಳೆಯರಿಗೆ ಇದು ಬೇನೆಯೆನಿಸದೆ ಬೆಳಗಿನ ಸೋಮಾರಿತನಕ್ಕೆ ಹೂಡಿದ ಉಪಾಯವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಿರಿಯರು ವಾಯು ಎಂದರು, ಉಷ್ಣ ಎಂದರು, ಎಣ್ಣೆ ತಿಕ್ಕಿಸಿದರು. ತಿಂಗಳು ಪೂರ್ತಿ ಹಾಸಿಗೆ ಬಿಟ್ಟು ಏಳಕೂಡದೆಂದು ಒಬ್ಬರು ಕಟ್ಟಪ್ಪಣೆ ಮಾಡಿದರು. ಆ ತಿಂಗಳು ನಾನು ಪಟ್ಟ ಯಾತನೆಯನ್ನು ನೆನೆದರೆ ಈಗಲೂ ನಿದ್ರೆ ಹಾರುತ್ತದೆ. ನಾಲ್ಕು ವರ್ಷಗಳಾದ ಮೇಲೆ ಒಬ್ಬ ವೈದ್ಯರು ನನ್ನನ್ನು ಮುಟ್ಟುವುದಕ್ಕೂ ಮೊದಲೇ ಒಂದು ಪ್ರಶ್ನೆ ಕೇಳಿದರು: "ಮಲಗಿದರೆ ನೋವು ಹೆಚ್ಚೋ, ನಡೆದಾಡಿದರೆ ಹೆಚ್ಚೋ?" ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ರೋಗವನ್ನು ಹಿಡಿದುಕೊಟ್ಟದ್ದೂ ಅದೇ.

ರೋಗದ ಹೆಸರು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಯಾವ ಷಟ್ಪದಿಯ ಗಣಕ್ಕೂ ಒಗ್ಗದ ಹೆಸರು. ಗ್ರೀಕ್ ಮೂಲವನ್ನು ಹುಡುಕಿದರೆ ಮೊದಲ ಪದದಲ್ಲಿ ವಕ್ರ, ಎರಡನೆಯದರಲ್ಲಿ ಬೆನ್ನೆಲುಬಿನ ಮಣಿ ಎಂಬ ಅರ್ಥಗಳು ಸಿಗುತ್ತವೆ. ಅಷ್ಟಾವಕ್ರ ಮುನಿಯ ದೂರದ ದಾಯಾದಿಯಾದೆನಲ್ಲ ಎಂದು ಆಗ ಸಮಾಧಾನಪಟ್ಟುಕೊಂಡೆ. ಮೈಯನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುವುದು ಈ ರೋಗದ ಸ್ವಭಾವ. ಟೊಂಕದ ಕೀಲುಗಳಲ್ಲಿ ಉರಿಯೂತ ಹೊತ್ತಿ, ಮೆಲ್ಲನೆ ಬೆನ್ನೆಲುಬನ್ನು ಏರುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಮಣಿಮಣಿಯ ನಡುವೆ ಹೊಸ ಎಲುಬು ಬೆಳೆದು ಬೆನ್ನೆಲ್ಲ ಒಂದೇ ಕೋಲಾಗುತ್ತದೆ. ಎಕ್ಸ್-ರೇಯಲ್ಲಿ ಅದು ಗಿಣ್ಣುಗಿಣ್ಣಾದ ಬಿದಿರಿನಂತೆ ತೋರುವುದರಿಂದ ವೈದ್ಯರು ಅದನ್ನು ಬಿದಿರು ಬೆನ್ನೆಂದೇ ಕರೆಯುತ್ತಾರೆ. ಇದು ಬಹುಮಟ್ಟಿಗೆ ಹರೆಯದಲ್ಲಿಯೇ ಶುರುವಾಗುತ್ತದೆ. 45 ದಾಟಿದ ಮೇಲೆ ಹೊಸದಾಗಿ ಬರುವುದು ಅಪರೂಪ. ಎಚ್.ಎಲ್.ಎ. ಬಿ-27 ಎಂಬ ವಂಶವಾಹಿ ಗುರುತಿಗೂ ಇದಕ್ಕೂ ಇರುವ ಗಾಢ ನಂಟನ್ನು 1973ರಲ್ಲಿ ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆಬೇರೆಯಾಗಿ ಕಂಡುಹಿಡಿದರು. ಆ ಗುರುತು ಇದ್ದವರಿಗೆಲ್ಲ ರೋಗ ಬರುತ್ತದೆಂದೇನೂ ಅಲ್ಲ. ಹೆಚ್ಚಿನವರು ಅದನ್ನು ಹೊತ್ತುಕೊಂಡೇ ಸುಖವಾಗಿ ಬಾಳುತ್ತಾರೆ.

ನಮ್ಮ ಮನೆತನದಲ್ಲಿ ಅದು ತಾಯಿಯ ಕಡೆಯಿಂದ ಬಂದಿರಬೇಕು. ತಾಯಿಯ ತವರು ಸಿರುಗುಪ್ಪ. ತುಂಗಭದ್ರೆಯ ನೀರುಂಡ ಭತ್ತದ ಸೀಮೆ. ಅಲ್ಲಿ ಬೆನ್ನುನೋವಿನ ಮಾತೆತ್ತಿದರೆ "ಯಾರಿಗಿಲ್ಲಪ್ಪಾ?" ಎಂಬುದೇ ಉತ್ತರ. ಕೆಸರಿನಲ್ಲಿ ದಿನವೆಲ್ಲ ಬಾಗಿ ನಾಟಿ ಹಚ್ಚುವ ಹೆಂಗಸರಿಗುಂಟು, ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲರಿಗುಂಟು, ಟ್ರಾಕ್ಟರಿನ ಮೇಲೆ ಕುಲುಕಾಡುವವರಿಗೂ ಉಂಟು. ಇಷ್ಟೊಂದು ನೋಯುವ ಬೆನ್ನುಗಳ ನಡುವೆ ರೋಗದ ಬೆನ್ನೊಂದು ಸುಲಭವಾಗಿ ತಲೆಮರೆಸಿಕೊಳ್ಳುತ್ತದೆ. ದುಡಿದ ಬೆನ್ನು ಸಂಜೆಗೆ ನೋಯುತ್ತದೆ, ಮಲಗಿದರೆ ಆರುತ್ತದೆ. ಉರಿಯೂತದ ಬೆನ್ನು ಮಲಗಿದಾಗ ನೋಯುತ್ತದೆ, ದುಡಿದರೆ ಹಗುರಾಗುತ್ತದೆ. ವ್ಯತ್ಯಾಸ ಇಷ್ಟು ಸರಳವಾದರೂ ಇದನ್ನು ಕೇಳಿ ತಿಳಿಯುವಷ್ಟು ಪುರುಸೊತ್ತು ಯಾರಿಗಿದೆ?

ನನ್ನ ಸೋದರಮಾವ ಅಲ್ಲಿನ ಒಂದು ಮಿಲ್ಲಿನಲ್ಲಿ ಗುಮಾಸ್ತರು. ನಾನು ಬುದ್ಧಿ ಬಲ್ಲಾಗಿನಿಂದಲೂ ಅವರು ನೆಲದ ಮೇಲೆ ಬಿದ್ದ ಕಾಸನ್ನು ಹುಡುಕುವವರಂತೆ ಬಾಗಿಯೇ ನಡೆಯುತ್ತಿದ್ದರು. ಲೆಕ್ಕದ ಪುಸ್ತಕದ ಮೇಲೆ ಬಗ್ಗಿ ಬಗ್ಗಿ ಹಾಗಾಯಿತೆಂದು ಊರೇ ತೀರ್ಮಾನಿಸಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅವರ ಒಂದು ಕಣ್ಣು ಕೆಂಡದಂತಾಗಿ, ಬೆಳಕನ್ನು ಕಂಡರೆ ನೀರು ಸುರಿಯುತ್ತಿತ್ತು. "ಕಣ್ಣು ಬಂದೈತಿ" ಎಂದು ಅತ್ತೆ ಪಟ್ಟಿ ಕಟ್ಟುತ್ತಿದ್ದರು. ಆ ಕೆಂಪು ಕಣ್ಣೂ ಈ ಬೆನ್ನಿನ ಒಡಹುಟ್ಟು ಎಂಬುದು ನನ್ನ ರೋಗಕ್ಕೆ ಹೆಸರು ಸಿಕ್ಕಿದ ಮೇಲೆಯೇ ತಿಳಿದದ್ದು. ಒಬ್ಬ ಅಳಿಯನ ಎಕ್ಸ್-ರೇಯಿಂದ ಮಾವನ ಮೂವತ್ತು ವರ್ಷಗಳ ಚರಿತ್ರೆಗೆ ವ್ಯಾಖ್ಯಾನ ದೊರೆಯಿತು. ನನ್ನ ಸ್ವಂತ ಊರು ಕುರುಗೋಡಿನ ಬಳಿ. ಅಲ್ಲಿನವರ ವ್ಯಾಖ್ಯಾನ ಇನ್ನೂ ಚಿಕ್ಕದು. ಕುರುಗೋಡಿನ ಗುಡಿಯಲ್ಲಿ ಏಕಶಿಲೆಯ ದೊಡ್ಡಬಸವೇಶ್ವರ ಗಂಭೀರವಾಗಿ ಕುಳಿತಿದ್ದಾನಷ್ಟೆ, ಕುತ್ತಿಗೆ ಹೊರಳಿಸಲಾರದೆ ಇಡೀ ಮೈಯನ್ನೇ ಬಂಡಿಯಂತೆ ತಿರುಗಿಸುವ ನನ್ನನ್ನು ನೋಡಿ ನೆರೆಮನೆಯ ದೊಡ್ಡವ್ವ, "ಮೇಷ್ಟ್ರಾಗಿದ್ದೇ ಆಗಿದ್ದು, ದೊಡ್ಡಬಸಪ್ಪ ಇದ್ದಂಗ ಆಗ್ಯಾನ ನೋಡು, ಕರದ್ರ ಕುತ್ತಿಗಿ ಹೊಳ್ಳಸಂಗಿಲ್ಲ" ಎಂದಳು. ದೇವರ ಹೋಲಿಕೆಯಾದ್ದರಿಂದ ಸಿಟ್ಟಾಗುವಂತೆಯೂ ಇರಲಿಲ್ಲ.

ಇನ್ನು ಎದೆಯ ವಿಷಯ. ಬಳ್ಳಾರಿಯ ಕಾಲೇಜಿಗೆ ಅಧ್ಯಾಪಕನಾಗಿ ಬಂದ ಮೇಲೆ ಬೆನ್ನು ತೋರಿಸಲೆಂದು ಹೋದ ನನ್ನ ತೋಳಿಗೆ ವೈದ್ಯರು ರಕ್ತದೊತ್ತಡದ ಪಟ್ಟಿ ಸುತ್ತಿದರು. ಸೊಂಟದ ಸುತ್ತಳತೆ ತೆಗೆದರು. ಸಕ್ಕರೆ, ಕೊಲೆಸ್ಟರಾಲ್, ಇ.ಸಿ.ಜಿ. ಎಂದು ಬರೆದರು. "ಬೀಡಿ ಸಿಗರೇಟು ಏನಾದರೂ ಉಂಟೆ ಮೇಷ್ಟ್ರೇ? ತಂದೆಯವರಿಗೆ ಹೃದಯದ ತೊಂದರೆ ಇತ್ತೆ?" ಎಂದರು. ನಾನು ಬೆನ್ನಿನ ರೋಗಿ ಎಂದು ವಿನಯದಿಂದ ನೆನಪಿಸಿದೆ. ಅವರು ನಕ್ಕು, "ಬೆನ್ನನ್ನು ನೀವೇ ಕಾಯುತ್ತಿದ್ದೀರಿ. ಯಾರೂ ಕಾಯದಿರುವುದನ್ನು ನಾನು ನೋಡಬೇಡವೆ?" ಎಂದರು.

ಆ ಸಂಜೆ ಗುಡ್ಡದ ಸುತ್ತ ನಡೆಯುವಾಗ ಕೋಟೆಯ ಐತಿಹ್ಯ ನೆನಪಾಯಿತು. ಹೈದರಾಲಿಯ ಕಾಲದಲ್ಲಿ ಫ್ರೆಂಚ್ ಎಂಜಿನಿಯರನೊಬ್ಬ ಈ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಿ ಕಟ್ಟಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಹೂಡಿದವನಿಗೆ ಕೋಟೆ ಅಂಗೈ ಮೇಲಿನ ನೆಲ್ಲಿಕಾಯಿ. ಹೈದರನು ಸಿಟ್ಟಾಗಿ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಕುಂಬಾರ ಗುಡ್ಡವಂತೂ ಇವತ್ತಿಗೂ ಎದುರಿಗೇ ನಿಂತಿದೆ.

ಬೆನ್ನಿನ ಉರಿಯೂತಕ್ಕೂ ಹೃದಯಕ್ಕೂ ಏನು ನಂಟು? ನಮ್ಮಲ್ಲಿ ಬಹುಜನರು ರಕ್ತನಾಳವನ್ನು ನೀರಿನ ಪೈಪಿನಂತೆಯೂ ಕೊಬ್ಬನ್ನು ಅದರಲ್ಲಿ ಕಟ್ಟುವ ಕಸದಂತೆಯೂ ಭಾವಿಸಿದ್ದಾರೆ. ಪೈಪಿಗೆ ಜೀವವಿಲ್ಲ, ನಾಳಕ್ಕೆ ಜೀವವುಂಟು. ಅದರ ಒಳಮೈಯಲ್ಲಿ ಕೊಬ್ಬು ಸೇರಿದಾಗ ರಕ್ಷಣಾ ಕಣಗಳು ಅಲ್ಲಿಗೂ ನುಗ್ಗುತ್ತವೆ, ಅಲ್ಲಿಯೂ ಉರಿಯೂತವೇ ನಡೆಯುತ್ತದೆ, ಕೊಬ್ಬಿನ ಗಂಟಿನ ತೆಳುಮುಚ್ಚಳ ಒಡೆದಾಗ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಂದಮೇಲೆ ಟೊಂಕದಲ್ಲಿ ಹತ್ತಾರು ವರ್ಷ ಉರಿಯುವ ಕುಲುಮೆಯ ಕಿಡಿ ರಕ್ತದೊಡನೆ ಎಲ್ಲ ಕಡೆಗೂ ಹಾರುತ್ತಿರುವವನಿಗೆ ಈ ಕೆಲಸ ಬೇಗ ಮುಂದುವರಿಯುವುದು ಸಹಜವಲ್ಲವೆ? ಉರಿಯೂತವೇ ಹೃದಯಾಘಾತದಲ್ಲಿ ಪಾಲುದಾರನೆಂಬುದಕ್ಕೆ 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ದೊಡ್ಡ ಪ್ರಯೋಗ ಸಾಕ್ಷಿ ನುಡಿಯಿತು. ಅದರಲ್ಲಿ ಒಮ್ಮೆ ಹೃದಯಾಘಾತವಾಗಿದ್ದ 10 ಸಾವಿರಕ್ಕೂ ಹೆಚ್ಚು ಜನರಿದ್ದರು. ಕೊಲೆಸ್ಟರಾಲನ್ನು ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧವೊಂದರಿಂದ ಮರಳಿ ಆಘಾತವಾಗುವುದು ಕಡಮೆಯಾಯಿತು.

ಇದು ಸಾಲದೆಂಬಂತೆ ನಮ್ಮ ರೋಗಕ್ಕೆ ತನ್ನದೇ ಆದ ಇನ್ನೊಂದು ದಾರಿಯುಂಟು. ಕೆಲವರಲ್ಲಿ ಉರಿಯೂತ ಮಹಾಧಮನಿಯ ಬುಡಕ್ಕೇ ತಗಲಿ, ಅಲ್ಲಿನ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. ಪಕ್ಕದಲ್ಲಿಯೇ ಹಾಯುವ ಹೃದಯದ ವಿದ್ಯುತ್ ಹಾದಿ ಕೆಟ್ಟು ಬಡಿತ ನಿಧಾನವಾಗಿ, ಪೇಸ್‌ಮೇಕರ್ ಕೂರಿಸಬೇಕಾಗುವುದೂ ಉಂಟು. ಇವು ಎಲ್ಲರಿಗೂ ಬರುವಂಥವಲ್ಲ. ಆದರೆ ಕಿವಿಗೆ ಸ್ಟೆತಸ್ಕೋಪ್ ಇಟ್ಟು ಆಲಿಸದೆ ತಿಳಿಯುವಂಥವೂ ಅಲ್ಲ.

ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ಈ ರೋಗವುಳ್ಳ 21 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಉಳಿದವರ ದಾಖಲೆಗಳೊಡನೆ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಮತ್ತು ಮಿದುಳಿನ ರಕ್ತನಾಳಗಳ ಕಾರಣದಿಂದಾಗುವ ಸಾವಿನ ಸಂಭವ ಇವರಲ್ಲಿ ಶೇ. 36ರಷ್ಟು ಹೆಚ್ಚೆಂದು ಕಂಡುಬಂದಿತು. ಈ ಅಂಕಿಯನ್ನು ಓದಿ ಮೊದಲು ನನ್ನ ಎದೆಯೂ ಧಸಕ್ಕೆಂದಿತು. ಆಮೇಲೆ ಗಣಿತದ ಅಧ್ಯಾಪಕ ಮಿತ್ರರು ಬಿಡಿಸಿ ಹೇಳಿದರು: ಸಾವಿರ ಜನರಲ್ಲಿ 10 ಮಂದಿಗೆ ಒದಗುವ ಆಪತ್ತು 13 ಅಥವಾ 14 ಮಂದಿಗೆ ಒದಗುತ್ತದೆಂದರೂ ಅದು ಶೇ. 36ರ ಹೆಚ್ಚಳವೇ. ಅಂದರೆ ಶಾಸನ ಕೆತ್ತಿಸುವಷ್ಟು ಅವಸರವೇನಿಲ್ಲ; ಹಾಗೆಂದು ಹಗುರವಾಗಿ ತಳ್ಳಿಹಾಕುವಂಥದೂ ಅಲ್ಲ. ಯೂರೋಪಿನ ಸಂಧಿವಾತ ತಜ್ಞರ ಸಂಘ ಇಂಥ ರೋಗಿಗಳ ಹೃದಯದ ಅಪಾಯವನ್ನು ಕನಿಷ್ಠ 5 ವರ್ಷಕ್ಕೊಮ್ಮೆಯಾದರೂ ಅಳೆಯಬೇಕೆಂದು ವಿಧಿಸಿದೆ. ಅಳೆಯುವಾಗಲೂ ಒಂದು ಮೋಸವುಂಟು. ರೋಗ ಕೆರಳಿದಾಗ ರಕ್ತದಲ್ಲಿ ಕೊಲೆಸ್ಟರಾಲಿನ ಪ್ರಮಾಣ ತಾನಾಗಿಯೇ ಇಳಿದು ತೋರಬಹುದು. ಆದ್ದರಿಂದ ಬೆನ್ನು ಶಾಂತವಾಗಿರುವಾಗ ರಕ್ತ ಕೊಡುವುದು ಲೇಸು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಆಸ್ಪತ್ರೆಗಳ ಮುಂದೆ ತರುಣರು ಇ.ಸಿ.ಜಿ.ಗಾಗಿ ಸಾಲುಗಟ್ಟಿದರು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೂ ಒಗ್ಗಾಣಿಯ ಜೊತೆಗಿನ ಮಿರ್ಚಿ ಒಂದು ವಾರ ಕಾಣೆಯಾಗಿತ್ತು. ಬಳ್ಳಾರಿಯಲ್ಲಿ ಇದಕ್ಕಿಂತ ದೊಡ್ಡ ಶೋಕಾಚರಣೆ ಇಲ್ಲ. ಮುಂದೆ ಅವರ ಹೆಸರಿನಲ್ಲಿಯೇ ಸರ್ಕಾರವು ಹೃದಯಜ್ಯೋತಿ ಎಂಬ ಯೋಜನೆಯನ್ನು 2023ರಲ್ಲಿ ಘೋಷಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ತೋರಿಸಿ, ಅವಶ್ಯವಿದ್ದರೆ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಯ ಬಾಗಿಲಿಗೆ ಬರಬೇಕಾದವನು ಬರಬೇಕಲ್ಲ!

ನಮ್ಮಂಥವರು ಬಾರದಿರುವುದಕ್ಕೆ ವಿಶೇಷ ಕಾರಣವಿದೆ. ಈ ರೋಗ ಪಕ್ಕೆಲುಬುಗಳು ಬೆನ್ನಿಗೂ ಎದೆಗೂ ಕೂಡುವ ಕೀಲುಗಳನ್ನೂ ಬಿಡುವುದಿಲ್ಲ. ಸೀನಿದರೆ, ಆಳವಾಗಿ ಉಸಿರೆಳೆದರೆ ಎದೆ ಚುಳ್ಳೆನ್ನುತ್ತದೆ. ಎದೆನೋವು ನಮಗೆ ಹಳೆಯ ನೆಂಟ. ಬಾಗಿಲು ಬಡಿದರೆ ಯಾರೆಂದು ಕೇಳುವುದನ್ನೇ ಬಿಟ್ಟಿರುತ್ತೇವೆ. ಅದೇ ದನಿಯಲ್ಲಿ ಬೇರೊಬ್ಬ ಬಂದು ಬಡಿದರೆ?

ಕಳೆದ ವರ್ಷ ಬೇಸಗೆಯಲ್ಲಿ ನನ್ನ ಮಾವನಿಗೆ ಆದದ್ದು ಅದೇ. ಮಿಲ್ಲಿನಿಂದ ಮಧ್ಯಾಹ್ನ ಊಟಕ್ಕೆ ಬರುವಾಗ ಎದೆ ಹಿಡಿದುಕೊಂಡಿತು. ಮನೆಯ ಕಟ್ಟೆಯ ಮೇಲೆ ಕುಳಿತು, "ಪಕ್ಕಿ ಎಲುಬು ಹಿಡದೈತಿ, ಒಂದು ಗುಳಿಗಿ ಕೊಡು" ಎಂದರಂತೆ. ಗುಳಿಗೆ ತರಲೆಂದು ಒಳಗೆ ಹೋದ ಅತ್ತೆ ಬರಿಗೈಯಲ್ಲಿ ಹೊರಗೆ ಬಂದರು. ಓದಿದ್ದು ನಾಲ್ಕನೆಯ ತರಗತಿ. ಆದರೆ ಆ ಬೆನ್ನಿನೊಡನೆ ಮೂವತ್ತು ವರ್ಷ ಸಂಸಾರ ಮಾಡಿದವರು. "ನಿಮ್ಮ ಎಲುಬಿನ ನೋವು ನಡದ್ರ ಕಮ್ಮಿ ಆಕ್ಕತಿ. ಇದು ನಡದ್ರ ಜಾಸ್ತಿ ಆಗೈತಿ. ಅದೂ ಅಲ್ದ ಅಂಗಿ ತೊಯ್ದೈತಿ. ಏಳ್ರಿ, ದವಾಖಾನಿಗೆ" ಎಂದು ಆಟೋ ತರಿಸಿದರು. ಮಾವ ಒಪ್ಪಲಿಲ್ಲ, ಅತ್ತೆ ಒಪ್ಪಿಗೆ ಕೇಳಿರಲಿಲ್ಲ. ಸಿರುಗುಪ್ಪದ ಆಸ್ಪತ್ರೆಯಲ್ಲಿ ಇ.ಸಿ.ಜಿ. ನೋಡಿದೊಡನೆ ಆಸ್ಪಿರಿನ್ ಕೊಟ್ಟು, ಆ್ಯಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳುಹಿಸಿದರು. ಸುಮಾರು 60 ಕಿಲೋಮೀಟರು ದಾರಿ. ಆ ಹೊತ್ತು ಆಸ್ಪತ್ರೆಯ ಮುಂದೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ನನಗೆ ಅರವತ್ತೂ ಒಂದೊಂದಾಗಿ ಎಣಿಸಿದಂತಾಯಿತು. ಮಾವನಿಗೆ ಆಗ 54 ವರ್ಷ. ಮುಚ್ಚಿದ್ದ ನಾಳವನ್ನು ತೆರೆದು ಸ್ಟೆಂಟ್ ಹಾಕಿದರು. ಹೃದಯದ ಒಂದು ಪಾಲು ಸೊರಗಿತು, ಜೀವ ಉಳಿಯಿತು.

ಅತ್ತೆಯ ಆ ಮಾತನ್ನು ನಮ್ಮ ವೈದ್ಯರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಹೇಳಿಸಿಕೊಂಡರು. ಹೃದಯದ ನೋವು ಯಾವಾಗಲೂ ಹೀಗೆಯೇ ಇರುತ್ತದೆಂದು ನಂಬಿ ಕೂರಕೂಡದು, ಕುಳಿತಲ್ಲಿಯೂ ಬಂದೀತು, ಹೊಟ್ಟೆಯುಬ್ಬರದ ವೇಷದಲ್ಲಿಯೂ ಬಂದೀತು ಎಂದು ಎಚ್ಚರಿಸಿದರು. ಆದರೂ ಆ ತಾಯಿಯ ಲಕ್ಷಣ ನಿರೂಪಣೆ ಬಲು ಚೆನ್ನಾಗಿದೆ ಎಂದು ಮೆಚ್ಚಿದರು.

ಗುಳಿಗೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ನೋವಿನ ಗುಳಿಗೆಗಳು ನಮ್ಮ ನಿತ್ಯದ ಅನ್ನ. ಮೆಡಿಕಲ್ ಶಾಪಿನಲ್ಲಿ ಬೆನ್ನನ್ನು ಮುಟ್ಟಿ ತೋರಿಸಿದರೆ ಸಾಕು, ಚೀಟಿಯಿಲ್ಲದೆ ಕೈಗೆ ಬರುತ್ತವೆ. ಇವುಗಳಲ್ಲಿ ಡೈಕ್ಲೋಫೆನ್ಯಾಕ್ ಎಂಬುದು ನಮ್ಮ ದೇಶದ ಹದ್ದುಗಳ ವಂಶವನ್ನೇ ಅಳಿವಿನ ಅಂಚಿಗೆ ತಂದಿತು: ಆ ಮದ್ದು ತಿಂದು ಸತ್ತ ದನಗಳನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು, ಮನುಷ್ಯರಿಗೆ ಉಳಿದುಕೊಂಡಿತು. ಅದೇ ಜಾತಿಯ ರೋಫೆಕಾಕ್ಸಿಬ್ ಎಂಬ ಗುಳಿಗೆ ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ತಿಳಿದು 2004ರಲ್ಲಿ ಪ್ರಪಂಚದ ಪೇಟೆಗಳಿಂದಲೇ ಹಿಂತೆಗೆಯಬೇಕಾಯಿತು. ಹಾಗಾದರೆ ಗುಳಿಗೆಯನ್ನು ಎಸೆದುಬಿಡೋಣವೆ? ಸಂಗತಿ ಅಷ್ಟು ಸುಲಭವಾಗಿಲ್ಲ. ಆಂಟೇರಿಯೋದ ಅಧ್ಯಯನದಲ್ಲಿ 65 ದಾಟಿದ ರೋಗಿಗಳ ಪೈಕಿ ಈ ಗುಳಿಗೆಗಳನ್ನು ತೆಗೆದುಕೊಳ್ಳದವರಲ್ಲಿಯೇ ಇಂಥ ಸಾವು ಹೆಚ್ಚಾಗಿ ಕಂಡಿತು. ಬೆನ್ನು ಸಡಿಲವಾದವನು ನಡೆಯುತ್ತಾನೆ, ನಡೆದವನ ಹೃದಯ ಗಟ್ಟಿಯಾಗುತ್ತದೆ ಎಂಬುದೂ ಒಂದು ಕಾರಣವಿದ್ದೀತು. ಯಾರಿಗೆ ಎಷ್ಟು, ಎಷ್ಟು ದಿನ ಎಂಬುದನ್ನು ಅವರವರ ಎದೆ, ಹೊಟ್ಟೆ, ಮೂತ್ರಪಿಂಡಗಳನ್ನು ಬಲ್ಲ ವೈದ್ಯರೇ ಹೇಳಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಲ್ಲ. ಉರಿಯೂತದ ಬೇರಿಗೇ ಕೈಹಾಕುವ ಚುಚ್ಚುಮದ್ದುಗಳು ಈಗ ಇವೆ. ಅಡಲಿಮುಮ್ಯಾಬ್ ಎಂಬುದರ ಸದೃಶ ಔಷಧ 2014ರಿಂದ ನಮ್ಮ ದೇಶದಲ್ಲಿಯೇ ತಯಾರಾಗುತ್ತಿರುವುದರಿಂದ ಬೆಲೆಯೂ ಇಳಿದಿದೆ. ಆದರೂ ಗುಮಾಸ್ತರ ಸಂಬಳಕ್ಕೆ ಅದು ದೂರದ ಬೆಟ್ಟವೇ. ಕೊಡುವ ಮೊದಲು ಮೈಯಲ್ಲಿ ಅಡಗಿದ ಕ್ಷಯವಿದೆಯೇ ಎಂದು ಪರೀಕ್ಷಿಸಲೇಬೇಕು; ಈ ಮದ್ದು ಅದನ್ನು ಎಬ್ಬಿಸಬಲ್ಲುದು.

ಮಾವ ಬೀಡಿ ಬಿಟ್ಟಿದ್ದಾರೆ. ಹೊಗೆ ಹೃದಯವನ್ನಷ್ಟೇ ಅಲ್ಲ, ಬೆನ್ನೆಲುಬು ಬೆಸೆದುಕೊಳ್ಳುವುದನ್ನೂ ತ್ವರೆಗೊಳಿಸುತ್ತದೆಂದು ನಾನು ಹತ್ತು ಸಲ ಹೇಳಿದಾಗ ಕೇಳದವರು, ಅತ್ತೆ ಒಂದು ಸಲ ಬೆಂಕಿಪೊಟ್ಟಣವನ್ನು ಕಿತ್ತು ಕಾಲುವೆಗೆಸೆದಾಗ ಕೇಳಿದರು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬಳ್ಳಾರಿಗೆ ಬರುತ್ತಾರೆ. ಬಸ್ ನಿಲ್ದಾಣದಿಂದ ನಾವಿಬ್ಬರೂ ನಿಧಾನವಾಗಿ ನಡೆದು ಹೋಗುತ್ತೇವೆ. ಇಬ್ಬರಿಗೂ ಕುತ್ತಿಗೆ ಹೊರಳದಾದ್ದರಿಂದ ರಸ್ತೆ ದಾಟುವಾಗ ಅವರು ಬಲಕ್ಕೆ ನಿಂತು ಬಲವನ್ನೂ ನಾನು ಎಡಕ್ಕೆ ನಿಂತು ಎಡವನ್ನೂ ನೋಡಿಕೊಳ್ಳುವುದೆಂದು ಒಪ್ಪಂದ ಮಾಡಿಕೊಂಡಿದ್ದೇವೆ. ದಾರಿಯಲ್ಲಿ ಒಗ್ಗಾಣಿ ಅಂಗಡಿ ಎದುರಾದರೆ, "ಅಳಿಯಾ, ವಾಸನಿ ನೋಡಾಕ ಡಾಕ್ಟರ ಅಡ್ಡಿ ಇಲ್ಲಲ್ಲ?" ಎನ್ನುತ್ತಾರೆ.

ಹೋದ ವಾರ ಅತ್ತೆ ಫೋನ್ ಮಾಡಿದ್ದರು. ಬಿ.ಎಸ್ಸಿ. ಓದುತ್ತಿರುವ ಅವರ ಮಗಳಿಗೆ ನಾಲ್ಕು ತಿಂಗಳಿಂದ ಬೆಳಗಿನ ಹೊತ್ತು ಸೊಂಟ ಹಿಡಿಯುತ್ತಿದೆಯಂತೆ. ಇದು ಗಂಡಸರ ರೋಗ, ಹುಡುಗಿಯರಿಗೆ ಬರುವುದಿಲ್ಲ, ಕಬ್ಬಿಣಾಂಶ ಕಡಮೆಯಿರಬೇಕು ಎಂದು ಯಾರೋ ಹೇಳಿ ಕಳುಹಿಸಿದ್ದಾರೆ. ಹುಡುಗಿಯರಿಗೂ ಬರುತ್ತದೆ, ಬರುವುದಿಲ್ಲವೆಂಬ ನಂಬಿಕೆಯಿಂದಲೇ ಅವರಲ್ಲಿ ಪತ್ತೆಯಾಗುವುದು ಇನ್ನೂ ತಡ. "ಹೊಳ್ಳಾಡಿದ ಮ್ಯಾಲೆ ಸರಿ ಆಕ್ಕತಿ ಅಂತಾಳಪ್ಪಾ" ಎಂದು ಅತ್ತೆ ಹೇಳಿ ಸುಮ್ಮನಾದರು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸೋಮವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತಾರೆ. ಮಾವನ ಹಳೆಯ ಎಕ್ಸ್-ರೇಗಳ ಜೊತೆಗೆ ಇ.ಸಿ.ಜಿ.ಗಳನ್ನೂ ತರಲು ಹೇಳಿದ್ದೇನೆ. ಮನೆತನದ ಚರಿತ್ರೆಯನ್ನು ವೈದ್ಯರು ಮೊದಲೇ ಕೇಳುತ್ತಾರೆ.